ಮರದ ಬಿಲ್ಲೆಯ ಮೇಲೆ ನಿಂತ ಸಿಲಿಂಡರ್

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಕೆಲಸದಲ್ಲಿದ್ದಾಗ ರಿಟೈರ್ ಆಗಲಿ ಎಂದುಕೊಂಡೆ. ರಿಟೈರ್ ಆದ ಮೇಲೆ ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ. ಆಪರೇಷನ್ ಮುಗಿದು ಅಕ್ಷರ ಚೆನ್ನಾಗಿ ಕಾಣತೊಡಗಿದಾಗ ಮಳೆ ಹಿಡಿಯಿತು, ಮನೆ ಸೋರುತ್ತಿತ್ತು. ಈಗ ಹೆಂಚು ಹೊದಿಸಿ ಆಗಿದೆ. ನೆಪ ಯಾವುದೂ ಉಳಿದಿಲ್ಲ.

ಕಳೆದ ತಿಂಗಳು ರಾಮನಗರದ ನಮ್ಮ ಹಳೆಯ ಶೆಡ್ಡಿಗೆ ನನ್ನನ್ನು ಕರೆದಿದ್ದರು. ಅಣೆಕಟ್ಟಿನ ಗೇಟು, ಕೆರೆಯ ತೂಬು, ನೀರೆತ್ತುವ ದೊಡ್ಡ ಬಾವಿ ಇಂಥ ಕಡೆ ನೀರಿನಡಿ ಇಳಿದು ರಿಪೇರಿ ಮಾಡುವ ಕಂಟ್ರಾಕ್ಟರ ಶೆಡ್ಡು ಅದು. ಅಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ, ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್ ಕಾದೆ. ಗಾಳಿ ತುಂಬುವುದು, ಸ್ಟೋರು ನೋಡುವುದು, ದಡದಲ್ಲಿ ನಿಂತು ಹಗ್ಗ ಹಿಡಿಯುವುದು ನನ್ನ ಕೆಲಸ. ಒಂದು ದಿನವೂ ನಾನು ನೀರಿಗೆ ಇಳಿದವನಲ್ಲ. ಹೊಸದಾಗಿ ಸೇರಿದ ಐದಾರು ಜನರಿಗೆ ಅನುಭವ ಹೇಳಿ ಎಂದರು. ಹೇಳಿದೆ. ಮಾಗಡಿ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು.

"ಸಾರ್, ಎಲ್ಲಾ ಸಿಲಿಂಡ್ರೂ ಒಂದೇ ಸೈಜ್ ಯಾಕೆ? ನಾನ್ ಸಣ್ಣಕ್ಕಿದೀನಿ, ನಂಗೆ ಸಣ್ಣದು ಕೊಟ್ರೆ ಆಗಲ್ವಾ?"

ಚೆನ್ನಾಗಿ ಉತ್ತರ ಕೊಟ್ಟೆ. ಅದನ್ನು ಮುಂದೆ ಇಲ್ಲೂ ಬರೆಯುತ್ತೇನೆ. ಆಮೇಲೆ ಅವಳು ಇನ್ನೊಂದು ಕೇಳಿದಳು. "ಸೈಜ್ ಬೆರೆಸಿ ಏನಾದ್ರೂ ಎಡವಟ್ ಆಗಿದ್ದು ನೀವ್ ನೋಡಿದೀರಾ ಸಾರ್?"

"ಇಲ್ಲಮ್ಮ" ಎಂದೆ.

ಬಸ್ಸಿನಲ್ಲಿ ನಮ್ಮೂರು ಕಲ್ಯಕ್ಕೆ ಬರುವಾಗ ಆ ಒಂದು ಮಾತು ಎದೆಯಲ್ಲಿ ಕೂತುಬಿಟ್ಟಿತು. ಈ ಕೈಯಿಂದಲೇ ಒಬ್ಬನ ಅರ್ಧ ಮೈ ಹೋಯಿತು, ಅವನ ಹೆಸರೂ ಹೋಯಿತು. ಅವನು ಗುಡೇಮಾರನಹಳ್ಳಿಯವನು. ಹೆಸರನ್ನು ಇಲ್ಲಿಯೇ ಬರೆಯಲು ಕೈ ಬರುತ್ತಿಲ್ಲ. ಮೊದಲು ನಡೆದದ್ದನ್ನು ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರ್ ಉರುಳಿಸುತ್ತಿದ್ದವನು. ಸಿಲಿಂಡರ್ ಉರುಳಿಸಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕಂಟ್ರಾಕ್ಟರು ನನ್ನನ್ನು ಸೇರಿಸಿಕೊಂಡರು. ಅವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಕೆಲಸ ಕಲಿಸಿದವನು ಮಾತ್ರ ಪುಟ್ಟಸ್ವಾಮಿ ಮೇಸ್ತ್ರಿ. ಕನಕಪುರದ ಕಡೆಯವನು, ಹಡಗಿನ ಕೆಲಸದಲ್ಲಿದ್ದು ಬಂದವನು. ಮುಳುಗುವವರಿಗೆಲ್ಲ ಅವನೇ ಗುರು. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ನಾನು ಅವನಿಗೆ "ಸ್ಟೋರು."

ಸೇರಿದ ಎರಡನೇ ತಿಂಗಳಿಗೇ ಒಂದು ತಪ್ಪು ಮಾಡಿದೆ. ಕೆರೆಯ ಏರಿಯ ಮೇಲೆ ಕಂಪ್ರೆಸರ್ ಇಟ್ಟು ಗಾಳಿ ತುಂಬುತ್ತಿದ್ದೆ. ಅದು ಗಾಳಿ ಹೀರಿಕೊಳ್ಳುವ ಪೈಪಿನ ಪಕ್ಕದಲ್ಲೇ ನಮ್ಮ ಜೀಪನ್ನು ಸ್ಟಾರ್ಟ್ ಮಾಡಿ ನಿಲ್ಲಿಸಿದ್ದರು. ನನಗೆ ಏನೂ ಅನಿಸಲಿಲ್ಲ. ಆ ಗಾಳಿ ಹೊತ್ತು ನೀರಿಗೆ ಇಳಿದ ಮೇಸ್ತ್ರಿ ಐದೇ ನಿಮಿಷಕ್ಕೆ ಮೇಲೆ ಬಂದು, ಏರಿಯ ಕಲ್ಲಿನ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡ. ಎದ್ದು ಬಾಯಿ ಒರೆಸಿಕೊಂಡು ನನ್ನನ್ನು ಕರೆದ.

"ಲೇ ಸ್ಟೋರು, ಬಾಲಾ ಇಲ್ಲಿ. ಜೀಪಿನ್ ಒಗೆ ಕುಡಿಸ್ಬುಟ್ಟಲ್ಲೋ ನಂಗೆ! ಬೀಡಿ ಸೇದೋದ್ ಬುಟ್ಟು ಆರ್ ತಿಂಗ್ಳಾಗಿತ್ತು ಕಣ್ಲಾ, ಎಲ್ಲಾ ಒಂದೇ ದಿನುಕ್ ಸೇದಿಸ್ಬುಟ್ಟೆ!"

ಎಲ್ಲರೂ ನಕ್ಕರು. ನಾನು ತಪ್ಪಾಯಿತು ಎಂದೆ. "ಆಯ್ತು ಬುಡು, ಇನ್ನೊಂದ್ ಸಾರಿ ಗಾಳಿ ಬೀಸೋ ದಿಕ್ ನೋಡ್ಕೊ" ಎಂದು ಅಲ್ಲಿಗೇ ಬಿಟ್ಟ. ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭ ಎಂದು ನಾನು ಅಂದೇ ಕಲಿಯಬಹುದಿತ್ತು.

ಸಿಲಿಂಡರಿನ ಅಳತೆಯ ವಿಷಯವನ್ನೂ ಮೇಸ್ತ್ರಿಯೇ ಹೇಳಿಕೊಟ್ಟ. ನಮ್ಮಲ್ಲಿ ಇದ್ದವು ಆರು ಉಕ್ಕಿನ ಸಿಲಿಂಡರು, ಎಲ್ಲವೂ ಹನ್ನೆರಡು ಲೀಟರಿನವು. ಅದೇ ಯಾಕೆ, ದೊಡ್ಡದು ಯಾಕಿಲ್ಲ, ಚಿಕ್ಕದು ಯಾಕಿಲ್ಲ ಎಂದು ಕೇಳಿದ್ದೆ. ಅವನು ನನ್ನನ್ನು ಸೋಲೂರಿನ ಹಾಲಿನ ಡೇರಿಯ ಮುಂದೆ ನಿಲ್ಲಿಸಿದ. ಲಾರಿಗೆ ಕ್ಯಾನು ಏರಿಸುತ್ತಿದ್ದರು.

"ನೋಡ್ಲಾ, ಆ ಲಾರಿಯೋನು ಆಲ್ ಅಳಿತಾವ್ನಾ?"

"ಇಲ್ಲ, ಕ್ಯಾನ್ ಎಣಿಸ್ತಾವ್ನೆ."

"ಎಲ್ಲಾ ಕ್ಯಾನೂ ಒಂದೇ ಇರೋದ್ಕೆ ಎಣಿಸ್ತಾವ್ನೆ. ಒಬ್ಬೊಬ್ರು ಒಂದೊಂದ್ ತರ ಬಿಂದ್ಗೆ ತಂದಿದ್ರೆ ಅವ್ನು ಸಂಜೆ ಗಂಟ ಇಲ್ಲೇ ಸಾಯ್ಬೇಕಾಗಿತ್ತು. ನಮ್ದೂ ಅಂಗೇಯ."

ಈಗ ಸೇರುವವರು ಇದನ್ನು ಗಮನವಿಟ್ಟು ಓದಬೇಕು. ಸಿಲಿಂಡರಿಗೆ ಒಂದು ಮೀಟರ್ ಇರುತ್ತದೆ. ಅದು ಗಾಳಿಯ ಒತ್ತಡವನ್ನು ತೋರಿಸುತ್ತದೆಯೇ ಹೊರತು ಗಾಳಿ ಎಷ್ಟಿದೆ ಎಂದು ತೋರಿಸುವುದಿಲ್ಲ. ಇನ್ನೂರು ಎಂದು ಮುಳ್ಳು ನಿಂತರೆ ಹನ್ನೆರಡು ಲೀಟರಿನದರಲ್ಲಿ ಎರಡು ಸಾವಿರದ ನಾನೂರು ಲೀಟರ್ ಗಾಳಿ ಇದೆ. ಹತ್ತು ಲೀಟರಿನದರಲ್ಲಿ ಎರಡು ಸಾವಿರವೇ. ಮುಳ್ಳು ಎರಡರಲ್ಲೂ ಒಂದೇ ಕಡೆ ನಿಲ್ಲುತ್ತದೆ. ಚೆಂಬು ತುಂಬಿದರೂ ತುಂಬಿದ್ದೇ, ಕೊಡ ತುಂಬಿದರೂ ತುಂಬಿದ್ದೇ.

ಸಮುದ್ರದಲ್ಲಿ ಮೀನು ನೋಡಲು ಇಳಿಯುವವರು ಆ ಮೀಟರನ್ನಾದರೂ ನೋಡಿಕೊಳ್ಳುತ್ತಾರೆ. ನಮ್ಮ ಕಡೆಯ ಕೆರೆಗಳಲ್ಲಿ ಹತ್ತಡಿ ಇಳಿದರೆ ಸ್ವಂತ ಕೈ ಕಾಣುವುದಿಲ್ಲ. ಗೋಡುಮಣ್ಣು ಎದ್ದರೆ ಟಾರ್ಚೂ ಸತ್ತ ಹಾಗೆ. ಆದ್ದರಿಂದ ನಾವು ಕಾಲದ ಲೆಕ್ಕದಲ್ಲಿ ಬದುಕುತ್ತಿದ್ದೆವು. ಅರವತ್ತಡಿ ಆಳದ ಕೆಲಸ ಎಂದರೆ ಇಪ್ಪತ್ತು ನಿಮಿಷ. ದಡದಲ್ಲಿ ಹಗ್ಗ ಹಿಡಿದವನು ವಾಚು ನೋಡಿಕೊಂಡು ಇಪ್ಪತ್ತಕ್ಕೆ ಮೂರು ಸಲ ಎಳೆಯಬೇಕು. ಕೆಳಗಿನವನು ಮೂರು ಸಲ ಎಳೆದು ಉತ್ತರ ಕೊಟ್ಟು, ಕೆಲಸ ಎಲ್ಲಿದ್ದರೂ ಅಲ್ಲೇ ಬಿಟ್ಟು ಮೇಲೆ ಬರಬೇಕು. ಆ ಇಪ್ಪತ್ತು ನಿಮಿಷ ಹನ್ನೆರಡು ಲೀಟರಿಗೆ ಕಟ್ಟಿದ ಲೆಕ್ಕ. ಐದಾರು ನಿಮಿಷದ ಗಾಳಿ ಮಿಕ್ಕಿರುತ್ತದೆ. ಹಗ್ಗ ಹಿಡಿದವನು ಒಂದೆರಡು ನಿಮಿಷ ಮೈಮರೆತರೂ ಆ ಮಿಕ್ಕದ್ದು ಕಾಯುತ್ತದೆ.

ಬೇರೆ ಕಾರಣಗಳೂ ಇವೆ. ಬೆನ್ನಿಗೆ ಕಟ್ಟುವ ಪಟ್ಟಿ ಒಂದೇ ಅಳತೆ. ಸೊಂಟಕ್ಕೆ ಕಟ್ಟುವ ಸೀಸದ ತೂಕ ಒಂದೇ. ಒಂದರ ವಾಷರ್ ಇನ್ನೊಂದಕ್ಕೆ ಆಗುತ್ತದೆ. ಇದಕ್ಕಿಂತ ದೊಡ್ಡದಾದರೆ ಏರಿಯ ಮೆಟ್ಟಿಲು ಹತ್ತುವಾಗ ಮನುಷ್ಯನ ಸೊಂಟ ಬಿದ್ದುಹೋಗುತ್ತದೆ. ಚಿಕ್ಕದಾದರೆ ಕೆಲಸ ಮುಗಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮುಳುಗುವವನ ಬೆನ್ನಿಗೆ ಅದು ಅಭ್ಯಾಸವಾಗಿರುತ್ತದೆ. ಆ ಭಾರವೇ ಅವನಿಗೆ ಗಡಿಯಾರ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಕರಾವಳಿ ಕಡೆ ಯಾರೋ ಮುಳುಗು ಕೆಲಸದ ವ್ಯಾಪಾರ ನಿಲ್ಲಿಸಿದಾಗ ಯಜಮಾನರು ಅವರ ಸಾಮಾನು ತಂದರು. ಅದರೊಳಗೆ ಹತ್ತು ಲೀಟರಿನ ಎರಡು ಸಿಲಿಂಡರು ಬಂದವು. ಸುತ್ತಳತೆ ನಮ್ಮವುಗಳಷ್ಟೇ, ಎತ್ತರದಲ್ಲಿ ಮಾತ್ರ ನಾಲ್ಕು ಬೆರಳು ಕಡಿಮೆ. ಮೇಸ್ತ್ರಿ ನೋಡಿದ ಕೂಡಲೇ ಎರಡರ ಕತ್ತಿಗೂ ಬಿಳಿ ಬಣ್ಣದ ಪಟ್ಟೆ ಬಳಿದು, ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಗೋಣಿಚೀಲ ಹೊದಿಸಿದ.

"ಇವು ನಲ್ಲಿ ತೊಳ್ಯಾಕೆ, ಟ್ಯೂಬಿಗ್ ಗಾಳಿ ಒಡ್ಯಾಕೆ. ಇವ್ನ ಸಾಲಿಗ್ ತಂದ್ ಇಟ್ಯೋ, ನಿನ್ ಕೈ ಮುರೀತೀನಿ."

ಅದಾದ ಎಷ್ಟೋ ದಿನಕ್ಕೆ ಒಂದು ಅಣೆಕಟ್ಟಿನ ಗೇಟಿನ ರಬ್ಬರ್ ಪಟ್ಟಿ ಬದಲಿಸುವ ಕೆಲಸ ಸಿಕ್ಕಿತು. ಊರ ಹೆಸರು ಬೇಡ. ಒಂದೇ ಅಳತೆಯ ಆರು ಸಿಲಿಂಡರು ಸ್ಥಳದಲ್ಲಿ ಇರಬೇಕು ಎಂದು ಷರತ್ತು ಇತ್ತು. ನಮ್ಮ ಆರರಲ್ಲಿ ಎರಡನ್ನು ಮೇಸ್ತ್ರಿ ಒತ್ತಡದ ಪರೀಕ್ಷೆಗೆಂದು ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದ. ವಾರ ಆಗುತ್ತದೆ ಎಂದಿದ್ದ. ಅಷ್ಟರಲ್ಲಿ ಎಂಜಿನಿಯರು ನಾಲ್ಕು ದಿನ ಬಿಟ್ಟು ನೋಡಲು ಬರುತ್ತಾರೆ ಎಂದು ಸುದ್ದಿ ಬಂತು.

ಯಜಮಾನರು ಮೂಲೆಯ ಗೋಣಿಚೀಲ ಎತ್ತಿದರು. "ಇವೆರಡ್ನೂ ಸಾಲಿಗೆ ಸೇರ್ಸಯ್ಯ. ಬರೀ ಎಣಿಸ್ಕೊಂಡ್ ಓಯ್ತಾರೆ. ನೀರಿಗೇನ್ ಕಳಿಸ್ಬೇಡ."

ಅವರು ಹೇಳಿದ್ದು ಅಷ್ಟೇ. ಉಳಿದದ್ದು ನನ್ನ ಸ್ವಂತ ಬುದ್ಧಿ. ಅವರ ಮೇಲೆ ಹಾಕುವುದಿಲ್ಲ.

ಬಿಳಿ ಪಟ್ಟೆ ಕೆರೆದು ಆರಕ್ಕೂ ಹೊಸ ಹಳದಿ ಬಣ್ಣ ಹೊಡೆದೆ. ಕತ್ತಿನ ಮೇಲೆ ಅಳತೆ ಕೊರೆದಿರುವ ಜಾಗಕ್ಕೆ ಬಣ್ಣವನ್ನು ದಪ್ಪಗೆ ಬಳಿದೆ. ಆದರೂ ಸಾಲಿನಲ್ಲಿ ಎರಡು ಕುಳ್ಳಗೆ ಕಾಣುತ್ತಿದ್ದವು. ಸಿಲಿಂಡರಿನ ಬುಡಕ್ಕೆ ರಬ್ಬರಿನ ಬೂಟು ಇರುತ್ತದೆ, ನಿಲ್ಲಲಿ ಎಂದು. ಲಾರಿ ಟೈರಿನಿಂದ ಎತ್ತರದ ಬೂಟು ಹೊಲಿಸಿದೆ. ಅದರೊಳಗೆ ಇಡಲು ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಮಾಡುವ ಒಬ್ಬರ ಲೇತಿನಲ್ಲಿ ಆಲೆ ಮರದ ಎರಡು ಬಿಲ್ಲೆ ಮಾಡಿಸಿದೆ. ನಾಲ್ಕು ಬೆರಳು ದಪ್ಪ, ಮೇಲ್ಭಾಗ ಸಿಲಿಂಡರಿನ ಬುಡಕ್ಕೆ ಸರಿಯಾಗಿ ಕೂರುವ ಹಾಗೆ ಬಟ್ಟಲಿನಂತೆ ತಗ್ಗು. ಯಾರಿಗೂ ಕಾಣದ ವಸ್ತು ಎಂದು ಹೇಳಿದರೂ ಆತ ಕೇಳಲಿಲ್ಲ, ಲೇತು ತಿರುಗುವಾಗಲೇ ಅರಗು ಒತ್ತಿ ಕೆಂಪು ಬಣ್ಣ ಕೊಟ್ಟ. "ಇರ್ಲಿ ಸಾಮಿ, ನನ್ ಕೈಯಿಂದ ಬರೀ ಮರ ಎಂಗ್ ಓಗ್ತದೆ" ಎಂದ.

ಆರೂ ಸಮಕ್ಕೆ ನಿಂತವು. ಕಣ್ಣಿಟ್ಟು ನೋಡಿದರೆ ನೂಲು ಹಿಡಿದ ಹಾಗಿತ್ತು. ನನಗೆ ಹೆಮ್ಮೆಯಾಯಿತು. ಮೋಸ ಮಾಡಿದ್ದೇನೆ ಎಂಬುದು ಮರೆತು, ಒಳ್ಳೆಯ ಕೆಲಸ ಮಾಡಿದ್ದೇನೆ ಎಂದೇ ಅನಿಸುತ್ತಿತ್ತು.

ಎಂಜಿನಿಯರು ಬಂದ ದಿನ ಬೆಳಗಿನಿಂದಲೇ ಮುಳುಗುವವರಿಬ್ಬರು ಸರದಿಯಂತೆ ಇಳಿದು ಮೂರು ಸಿಲಿಂಡರು ಮುಗಿಸಿದ್ದರು. ನಾಲ್ಕನೆಯದರ ವಾಲ್ವು ಸೋರುತ್ತಿತ್ತು. ಕಂಪ್ರೆಸರು ರಾಮನಗರದಲ್ಲಿ. ಉಳಿದದ್ದು ಬಿಲ್ಲೆಯ ಮೇಲೆ ನಿಂತ ಎರಡು. ಯಾರಾದರೂ ಮೀಟರ್ ನೋಡಿದರೆ ಇರಲಿ ಎಂದು ಅವಕ್ಕೂ ಗಾಳಿ ತುಂಬಿದ್ದೆ. ಆಗ ಎಂಜಿನಿಯರು ಜೀಪಿನಿಂದ ಇಳಿದು, ಇನ್ನು ಎಷ್ಟು ಉಳಿದಿದೆ ಎಂದು ಕೇಳಿದರು. ಎರಡು ಬೋಲ್ಟು ಎಂದರು ಯಜಮಾನರು. ಎಂಜಿನಿಯರು ನನ್ನ ಸಾಲಿನತ್ತ ಕೈ ತೋರಿಸಿ, "ಎರಡು ತುಂಬಿದ ಸಿಲಿಂಡರ್ ಇದ್ಯಲ್ಲ, ಮುಗಿಸಿಬಿಡಿ. ನಾನು ಇದ್ದೇ ಕೆಲಸ ಮುಗೀತು ಅಂತ ಬರೆದುಕೊಡ್ತೀನಿ" ಎಂದರು.

ಯಜಮಾನರು ನನ್ನ ಮುಖ ನೋಡಿದರು. ಬೇಡ ಎನ್ನಲು ನನಗೆ ಒಂದೇ ಒಂದು ಮಾತು ಸಾಕಿತ್ತು. ಬದಲಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತರ ಬದಲು ಹದಿನೈದಕ್ಕೇ ಹಗ್ಗ ಎಳೆದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ, ಅವನಿಗೂ.

ಇಳಿಯುವ ಸರದಿ ಗುಡೇಮಾರನಹಳ್ಳಿಯವನದು. ಅವನಿಗೆ ಆಗ ಮೂವತ್ತೆರಡು ವರ್ಷ ಇರಬೇಕು. ಹೊಲ ಇತ್ತು, ಎರಡು ಹಸು ಇತ್ತು, ಆದರೂ ನೀರಿನ ಹುಚ್ಚಿಗೆ ಈ ಕೆಲಸಕ್ಕೆ ಬಂದವನು. ನಮ್ಮಲ್ಲಿ ಅವನಷ್ಟು ಹಗ್ಗದ ಮಾತು ಕೇಳುವವನು ಇನ್ನೊಬ್ಬನಿರಲಿಲ್ಲ. ನಾನು ಎಳೆದು ಮುಗಿಸುವುದರೊಳಗೆ ಉತ್ತರ ಬರುತ್ತಿತ್ತು. ಬೆನ್ನಿಗೆ ಸಿಲಿಂಡರ್ ಕಟ್ಟಿಸಿಕೊಂಡು ಎರಡು ಸಲ ಭುಜ ಕುಲುಕಿದ.

"ಅಣ್ಣೋ, ಇದ್ಯಾಕೋ ಒಸಿ ಅಗುರಾಗೈತೆ?"

ನನಗೆ ಇವತ್ತಿಗೂ ಕಿವಿಯಲ್ಲಿದೆ ಅದು. ಅವನ ಬೆನ್ನು ಸರಿಯಾಗಿಯೇ ಹೇಳಿತ್ತು. ನಾನು ಅವನ ಬೆನ್ನಿನ ಮೇಲೆ ತಟ್ಟಿದೆ.

"ನಿನ್ನೆ ಬಾಡೂಟ ಜೋರಾಗಿತ್ತಲ್ಲ, ಮೈಗ್ ಕಸುವು ಬಂದೈತೆ ಓಗ್ಲಾ!"

"ಅದೂ ಸರಿ ಅನ್ನು" ಎಂದು ನಗುತ್ತಾ, ಹಲ್ಲಿನಲ್ಲಿ ಗಾಳಿಯ ಪೈಪು ಕಚ್ಚಿಕೊಂಡು ಇಳಿದುಹೋದ.

ಎಂಜಿನಿಯರು ನನ್ನ ಬಳಿ ಬಂದು ನಿಂತರು. "ಏನ್ರೀ, ಇಷ್ಟು ಅಚ್ಚುಕಟ್ಟಾಗಿ ಇಟ್ಟಿರೋ ಸ್ಟೋರನ್ನ ನಾನು ಎಲ್ಲೂ ನೋಡಿಲ್ಲ. ನೀವೇ ನೋಡ್ಕೊಳ್ಳೋದಾ?" ಎಂದರು. ಅಷ್ಟು ಓದಿದವರೊಬ್ಬರು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ನಾನು ಶುರು ಮಾಡಿದೆ. ಒಂದೇ ಅಳತೆ ಯಾಕೆ ಇರಬೇಕು, ಬೆರೆಸಿದರೆ ಏನಾಗುತ್ತದೆ, ಡೇರಿಯ ಕ್ಯಾನಿನ ಉದಾಹರಣೆ, ಎಲ್ಲ. ಮೇಸ್ತ್ರಿಯ ಮಾತುಗಳನ್ನೇ ನನ್ನವೆಂಬಂತೆ ಹೇಳಿದೆ. ಅವರು ತಲೆದೂಗುತ್ತಿದ್ದರು. ಕೈಯಲ್ಲಿ ಹಗ್ಗ ಇತ್ತು. ಕಣ್ಣು ಅವರ ಮುಖದ ಮೇಲಿತ್ತು.

ಮಾತಿನ ನಡುವೆ ನೀರಿನ ಕಡೆ ನೋಡಿದೆ. ಗುಳ್ಳೆ ಏಳುತ್ತಿರಲಿಲ್ಲ. ವಾಚು ನೋಡಿದೆ. ಇಪ್ಪತ್ತನಾಲ್ಕು ದಾಟಿತ್ತು.

ಹಗ್ಗ ಎಳೆದೆ. ಎರಡನೇ ಸಲ ಎಳೆಯುವುದರೊಳಗೆ ದಡದಿಂದ ಆಚೆಗೆ ನೀರು ಒಡೆದು ಅವನು ಎದೆಮಟ್ಟ ಮೇಲೆ ಚಿಮ್ಮಿದ. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಗಾಳಿ ನಿಂತ ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಅರವತ್ತಡಿಯಿಂದ ಒಂದೇ ಸಮನೆ ಬಂದಿದ್ದ. ಹಾಗೆ ಬಂದರೆ ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆ ಮೆದುಳಿಗೆ ಹೋಗುತ್ತದೆ. ಇದನ್ನು ನಮ್ಮೆಲ್ಲರಿಗೂ ಮೊದಲ ದಿನವೇ ಹೇಳಿಕೊಡುತ್ತಾರೆ, ಅವನಿಗೂ ಗೊತ್ತಿತ್ತು. ಆದರೆ ಗಾಳಿಯಿಲ್ಲದ ಬಾಯಿಗೆ ಏನು ಗೊತ್ತಿರುತ್ತದೆ? ನಾನು ಹುಚ್ಚನಂತೆ ಹಗ್ಗ ಎಳೆದು ದಡಕ್ಕೆ ತಂದೆ. ನನ್ನ ಅಂಗೈಯ ಚರ್ಮ ಕಿತ್ತುಹೋಯಿತು. ಅದನ್ನು ಎಲ್ಲರೂ ನೋಡಿದರು.

ಅವನನ್ನು ಜೀಪಿಗೆ ಹಾಕಿ ಕಳಿಸಿದ ಮೇಲೆ ಎಂಜಿನಿಯರು ಕೇಳಿದರು. "ಸರಿಯಾದ ಹೊತ್ತಿಗೆ ಸಿಗ್ನಲ್ ಕೊಟ್ರಿ ತಾನೆ?"

ನಾನು ಹಗ್ಗ ಎಳೆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಎಷ್ಟು ಹೊತ್ತಿಗೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅವರೂ ಮಾತು ಕೇಳುತ್ತಿದ್ದರಲ್ಲ.

"ಇಪ್ಪತ್ತಕ್ಕೇ ಕೊಟ್ಟೆ ಸಾರ್. ಅವನು ಉತ್ತರ ಕೊಡಲಿಲ್ಲ. ಬೋಲ್ಟು ಮುಗಿಸೇ ಬರೋಣ ಅಂತ ನಿಂತ ಅನ್ಸುತ್ತೆ."

ಹಾಗೆಯೇ ಬರೆದುಕೊಂಡರು. ಕೆಳಗೆ ನಾನು ಸಹಿ ಹಾಕಿದೆ. ಚರ್ಮ ಕಿತ್ತ ಕೈಯಾದ್ದರಿಂದ ಸಹಿ ಸೊಟ್ಟಗೆ ಬಂತು. ಎಲ್ಲರೂ ಹೋದ ಮೇಲೆ ಅವನ ಸಿಲಿಂಡರಿನ ಬೂಟು ಬಿಚ್ಚಿ ಬಿಲ್ಲೆಯನ್ನು ಚೀಲಕ್ಕೆ ಹಾಕಿಕೊಂಡೆ.

ಎರಡನೆಯ ಬಿಲ್ಲೆ ಮರೆತಿದ್ದೆ. ಮೇಸ್ತ್ರಿ ವಾಪಸು ಬಂದವನು ಶೆಡ್ಡಿಗೆ ನುಗ್ಗಿ ಸಾಲಿನಲ್ಲಿದ್ದ ಒಂದೊಂದನ್ನೇ ಎತ್ತಿ ನೋಡಿದ. ಒಂದರ ಭಾರ ಕೈಗೆ ಸರಿ ಕಾಣಲಿಲ್ಲ. ಬೂಟು ಕಿತ್ತ. ಕೆಂಪು ಬಿಲ್ಲೆ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ಗೋಡೆಗೆ ತಗುಲಿ ನಿಂತಿತು. ನನ್ನ ಕೈ ಮುರಿಯುತ್ತಾನೆ ಎಂದುಕೊಂಡೆ. ಮುರಿಯಲಿಲ್ಲ. ಬೈಯಲೂ ಇಲ್ಲ.

"ನೀನೇ ಓಗಿ ಅವನ್ಗೆ ಏಳು" ಎಂದ. "ಅವ್ನು ಆಸ್ಪತ್ರೇಲಿ ತನ್ನದೇ ತಪ್ಪು ಅಂತ ಅಳ್ತಾವ್ನೆ ಕಣೋ. ಅದೊಂದ್ ಭಾರ ಆದ್ರೂ ಇಳ್ಸು."

ಹೋದೆ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ನನ್ನನ್ನು ನೋಡಿದವನೇ ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, ಅಂಗೈಯ ಗಾಯ ತಿರುಗಿಸಿ ನೋಡಿದ.

"ನಿನ್ ಎಳ್ತ ನಂಗ್ ಗೊತ್ತೇ ಆಗ್ನಿಲ್ಲ ಕಣಣ್ಣ. ಎಂಗ್ ತಪ್ಪೋಯ್ತೋ. ನನ್ನಿಂದ ನಿಂಗೂ ಕೆಟ್ ಎಸ್ರು. ತಪ್ಪಾಯ್ತು ಕಣಣ್ಣ."

ಬಾಯಿ ತೆರೆದೆ. "ಓಗ್ಲಿ ಬುಡು" ಎಂದೆ.

ನಾನು ಅವನನ್ನು ಕ್ಷಮಿಸಿದೆ! ಹೊರಗೆ ಬಂದಾಗ ಮೇಸ್ತ್ರಿ ಬೀಡಿ ಹಚ್ಚಿಕೊಂಡು ನಿಂತಿದ್ದ. "ಏಳ್ದ್ಯಾ?" ಎಂದ. "ಏಳ್ದೆ" ಎಂದೆ. ನನ್ನ ಭುಜದ ಮೇಲೆ ಕೈಯಿಟ್ಟ. ಅವನು ನನ್ನನ್ನು ನಂಬಿದ. ನಂಬಿಕೊಂಡೇ ಕೆಲಸ ಬಿಟ್ಟು ಊರಿಗೆ ಹೋದ, ನಂಬಿಕೊಂಡೇ ಸತ್ತ.

ಮುಂದಿನದು ಇನ್ನೂ ಕೀಳು. ಆ ಎರಡು ಸಿಲಿಂಡರನ್ನು ನಾನೇ ಗುಜರಿಗೆ ಹಾಕಿಸಿದೆ. ಆಮೇಲೆ ಬಂದ ಹೊಸಬರಿಗೆಲ್ಲ ಹಗ್ಗದ ಪಾಠ ಹೇಳಿಕೊಡುವುದು ನನ್ನ ಪಾಲಿಗೆ ಬಂತು. ಪ್ರತಿ ಸಲ ಉದಾಹರಣೆ ಕೊಡುತ್ತಿದ್ದೆ. "ಗುಡೇಮಾರನಹಳ್ಳಿಯವನ ತರ ಮಾಡ್ಬೇಡ್ರಪ್ಪ. ಅಗ್ಗ ಎಳುದ್ರೆ ಬಂದ್ಬುಡ್ಬೇಕು." ಅವನ ಹೆಸರು ನಮ್ಮ ಶೆಡ್ಡಿನಲ್ಲಿ ಹಗ್ಗದ ಮಾತು ಕೇಳದವನ ಹೆಸರಾಯಿತು. ಎಲ್ಲರಿಗಿಂತ ಚೆನ್ನಾಗಿ ಹಗ್ಗದ ಮಾತು ಕೇಳುತ್ತಿದ್ದವನ ಹೆಸರು.

ಈಗ ಕೆಲಸದ ರೀತಿ ಬದಲಾಗಿದೆ. ಮುಖವಾಡದೊಳಗೇ ಮಾತಾಡುವ ವೈರು ಬಂದಿದೆ. ಕತ್ತಲಲ್ಲಿ ಹೊಳೆಯುವ ಮೀಟರಿದೆ. ಆಪತ್ತಿಗೆಂದು ಪಕ್ಕದಲ್ಲಿ ಇನ್ನೊಂದು ಪುಟ್ಟ ಸಿಲಿಂಡರು ಕಟ್ಟುತ್ತಾರೆ, ಅದಕ್ಕೆ ಬೇರೆ ಬಣ್ಣ, ಬೇರೆ ಪೈಪು. ಬೆನ್ನಿನದು ಮಾತ್ರ ಅಂದಿನ ಹಾಗೆಯೇ, ಎಲ್ಲರಿಗೂ ಒಂದೇ ಅಳತೆ. ಕೈ ಎತ್ತಿದ ಆ ಮಗುವಿಗೆ ಹೇಳುತ್ತೇನೆ. ನೀನು ಸಣ್ಣಗಿದ್ದರೂ ಸಾಲಿನಲ್ಲಿರುವುದನ್ನೇ ಹೊರು. ನಿನ್ನ ಬೆನ್ನಿಗೆ ಹಗುರ ಅನಿಸಿದರೆ, ದಡದಲ್ಲಿ ನಿಂತವನು ಎಷ್ಟೇ ಹಿರಿಯನಾದರೂ, ಎಷ್ಟೇ ನಗಿಸಿದರೂ, ಇಳಿಯಬೇಡ.

ರಿಟೈರ್ ಆಗುವ ವರ್ಷ ಸೋಲೂರಿನ ಬಸ್ ಸ್ಟಾಂಡಿನಲ್ಲಿ ಅವನು ಸಿಕ್ಕಿದ. ಕೋಲು ಊರಿಕೊಂಡು, ಕಾಲು ಎಳೆದುಕೊಂಡು ಬಂದ. ಜೊತೆಯಲ್ಲಿ ಹೆಂಡತಿ. ಅವಳು ನನ್ನನ್ನು ನೋಡಿರಲಿಲ್ಲ.

"ಇವ್ರೇ ಕಣೇ" ಎಂದ ಅವಳಿಗೆ. "ನಾನ್ ಏಳ್ತಿರ್ತೀನಲ್ಲ, ಅಂಗೈ ಕಿತ್ತೋದ್ರೂ ಅಗ್ಗ ಬುಡ್ದೆ ನನ್ ಎಳುದ್ ಆಕ್ದೋರು. ನನ್ ಜೀವ ಉಳ್ಸಿದ್ ಅಣ್ಣ ಇವ್ರೇಯ."

ಆ ತಾಯಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳನೀರು ಕೊಡಿಸಿದರು, ಕುಡಿದೆ. ಮಾಗಡಿ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ಅವನು ಎಡಗೈ ಎತ್ತಿ ಬೀಸುತ್ತಿದ್ದ. ಅದಾದ ಮೇಲೆ ಸೋಲೂರಿನ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ.

ಚೀಲದಲ್ಲಿ ಮನೆಗೆ ತಂದ ಬಿಲ್ಲೆ ಇನ್ನೂ ಇದೆ. ಎಸೆಯಲು ಹೋದಾಗ ನನ್ನ ಹೆಂಡತಿ ಇಸಿದುಕೊಂಡಳು, ಚೆನ್ನಾಗಿದೆ ಎಂದು. ದಿನವೂ ಊಟಕ್ಕೆ ಕೂತಾಗ ಅದರ ಮೇಲೆಯೇ ಸಾರಿನ ಪಾತ್ರೆ ಇಡುತ್ತಾಳೆ. ತಳ ಅಲ್ಲಾಡದೆ ಕೂರುತ್ತದೆ ಎನ್ನುತ್ತಾಳೆ. ಇಷ್ಟು ವರ್ಷವಾದರೂ ಕೆಂಪು ಮಾಸಿಲ್ಲ. ಬಿಸಿ ತಾಗಿದರೆ ಅರಗಿನ ವಾಸನೆ ಸಣ್ಣಗೆ ಬರುತ್ತದೆ. ನನಗೆ ಮಾತ್ರ ಬರುತ್ತದೆ.

ಈ ಬರಹದ ಒಂದು ಪ್ರತಿಯನ್ನು ರಾಮನಗರದ ಶೆಡ್ಡಿಗೆ ಕೊಡುತ್ತೇನೆ. ಇನ್ನೊಂದನ್ನು ಬಿಲ್ಲೆಯ ಜೊತೆ ಕಟ್ಟಿಕೊಂಡು, ನಾಳೆ ಬೆಳಗಿನ ಬಸ್ಸಿಗೆ ಗುಡೇಮಾರನಹಳ್ಳಿಗೆ ಹೋಗಬೇಕೆಂದಿದ್ದೇನೆ. ಹೋಗುತ್ತೇನೆ ಎಂದು ಬರೆಯಲು ಧೈರ್ಯವಿಲ್ಲ, ನನ್ನ ಮಾತಿನ ಬೆಲೆ ನನಗೇ ಗೊತ್ತು. ಹೋಗದಿದ್ದರೂ ಇದು ಅಚ್ಚಾಗಲಿ, ಯಾರಾದರೂ ಅವನಿಗೆ ಓದಿ ಹೇಳಲಿ.

ನಾನು ಹೊತ್ತಿಗೆ ಹಗ್ಗ ಎಳೆಯಲಿಲ್ಲಪ್ಪ. ಎಳೆಯದ ಹಗ್ಗಕ್ಕೆ ನೀನು ಎಲ್ಲಿಂದ ಉತ್ತರ ಕೊಡುತ್ತೀಯ? ನಿನ್ನ ಬೆನ್ನು ಹೇಳಿದ್ದು ಸರಿ, ಅದು ಹಗುರವಾಗಿತ್ತು. ತಪ್ಪು ನನ್ನದು, ನಿನ್ನದಲ್ಲ ಹೊನ್ನಗಂಗಯ್ಯ.